ಕುಲಗೋಡದ ಏಳು ಮಂಗಳವಾರ

ಪೂನಮ್ ಓದಿದ ವಿಷಯದ ಹೆಸರು ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ. ಅದನ್ನು ಪೂರ್ತಿ ಹೇಳಿ ಮುಗಿಸುವ ಮೊದಲೇ ಎದುರಿಗಿದ್ದವರು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಗೋಕಾಕದ ಅವರ ಓಣಿಯಲ್ಲಿ ಕೆಲವರು ಅವಳು ವಿದೇಶಾಂಗ ಇಲಾಖೆಯಲ್ಲಿದ್ದಾಳೆ ಎಂದು ತಿಳಿದಿದ್ದಾರೆ. ಇನ್ನು ಕೆಲವರು ಅವಳು ಮುಂದಿನ ಚುನಾವಣೆಗೆ ನಿಲ್ಲಬಹುದೆಂದು ಕಾಯುತ್ತಿದ್ದಾರೆ. ತಾಯಿ ರಾಯವ್ವ ಮಾತ್ರ ಈ ಗೊಂದಲವನ್ನು ತನ್ನ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾಳೆ.

"ನಮ್ಮ ಪೂನಮ್ ದರದ್ದ ಕಲ್ತಾಳ್ರಿ. ಯಾವ ದೇಶದಾಗ ಏನ ದರ ಐತಿ, ಯಾರ ಮಾಡಿದ್ರು, ಯಾಕ ಮಾಡಿದ್ರು, ಅದ ಆಕಿ ಕೆಲಸ."

ಇದನ್ನು ಕೇಳಿದ ಬಾಜೂ ಮನೆಯ ಬೇಗಂಬಿ, "ಹಂಗಾದ್ರ ಬಂಗಾರ ಯಾವಾಗ ಇಳಿತೈತಿ ಹೇಳವಾ, ನಮ್ಮ ಯಾಸ್ಮೀನಳ ಲಗ್ನ ಬಂತು" ಎಂದು ಪೂನಮ್‌ಳನ್ನೇ ಕೇಳಿದಳು.

"ಅದನ್ನ ಹೇಳಾಕ ಬರಂಗಿಲ್ಲ ಕಾಕು."

ಬೇಗಂಬಿ ರಾಯವ್ವನ ಕಡೆ ತಿರುಗಿ, "ಮತ್ತ ಇಷ್ಟ ವರ್ಷ ಅಲ್ಲಿ ಏನ ಕಲ್ತಾಳ?" ಎಂದು ಕೇಳಿದಳು.

ರಾಯವ್ವನ ವಿವರಣೆ ತಪ್ಪೇನಲ್ಲ. ದೂರದ ಯಾವುದೋ ದೇಶ ಒಂದು ನಿರ್ಧಾರ ತೆಗೆದುಕೊಂಡರೆ ಇಲ್ಲಿ ಒಬ್ಬರ ಅಂಗಳದಲ್ಲಿ ರಾಶಿ ಹಾಕಿದ ಮಾಲಿನ ಬೆಲೆ ಬದಲಾಗುತ್ತದೆ. ಆ ನಿರ್ಧಾರದಲ್ಲಿ ಯಾರ ಕೈ ಇದೆ, ಯಾರ ಕೈ ಇಲ್ಲ ಎಂದು ಹುಡುಕುವುದೇ ಪೂನಮ್‌ಳ ಕೆಲಸ. ಗೋಕಾಕದಲ್ಲಿ ಬಿ.ಎ., ಧಾರವಾಡದಲ್ಲಿ ಎಂ.ಎ., ದೆಹಲಿಯಲ್ಲಿ ಪಿಎಚ್.ಡಿ., ಆಮೇಲೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಸಂಶೋಧನೆ. ಮರಳಿ ಬಂದ ಮೇಲೆ ಸಿಕ್ಕಿದ್ದೆಲ್ಲ ತಾತ್ಕಾಲಿಕ ಕೆಲಸ. ಕಾಯಂ ಹುದ್ದೆಗೆ ಹೋದಾಗ ಅರ್ಥಶಾಸ್ತ್ರ ವಿಭಾಗದವರು ಇದು ರಾಜ್ಯಶಾಸ್ತ್ರ ಎಂದರು. ರಾಜ್ಯಶಾಸ್ತ್ರದವರು ಇದರಲ್ಲಿ ಅಂಕಿಸಂಖ್ಯೆ ಬಹಳ, ಇದು ಅರ್ಥಶಾಸ್ತ್ರ ಎಂದರು. ಒಂದು ಊರಿನಲ್ಲಿ ಎರಡೂ ವಿಭಾಗಗಳು ಒಂದೇ ಕಟ್ಟಡದ ಮೇಲೆ ಕೆಳಗೆ ಇದ್ದವು. ಅವಳು ಅಂದು ಮಹಡಿ ಹತ್ತಿ, ಇಳಿದು, ಮತ್ತೆ ಹತ್ತಿ, ಕೊನೆಗೆ ಕ್ಯಾಂಟೀನಿನಲ್ಲಿ ಚಹಾ ಕುಡಿದು ರೈಲು ಹಿಡಿದಿದ್ದಳು.

ಹೀಗಿದ್ದವಳಿಗೆ ಒಂದು ಹೆಸರು ತಂದುಕೊಟ್ಟದ್ದು ಗೋವಿನಜೋಳ.

ಗೋಕಾಕದ ಹೊರವಲಯದಲ್ಲಿ ಬಂದೇನವಾಜ ಎಂಬ ವ್ಯಾಪಾರಿಯ ಗೋದಾಮಿದೆ. ಮೂಡಲಗಿ ಕಡೆಯ ಹಳ್ಳಿಗಳ ಗೋವಿನಜೋಳ, ರೈತರ ಬಾಯಲ್ಲಿ ಗೊಂಜಾಳ, ಅಲ್ಲಿಗೆ ಬಂದು, ತೂಕವಾಗಿ, ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುತ್ತದೆ. ಪೂನಮ್ ಇಂಗ್ಲೆಂಡಿನಲ್ಲಿದ್ದಾಗ ಅವನು ತನ್ನ ತೂಕದ ಕಂಪ್ಯೂಟರಿನಲ್ಲಿದ್ದ ಎಲ್ಲ ಲೆಕ್ಕವನ್ನೂ ಅವಳಿಗೆ ಕಳಿಸಿಕೊಟ್ಟಿದ್ದ. ಆ ಅಂಕಿಗಳನ್ನು ದಿನವಾರು ಜೋಡಿಸಿದಾಗ ಅವಳಿಗೆ ಒಂದು ವಿಚಿತ್ರ ಕಂಡಿತು. ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷದ ಸುಗ್ಗಿಯಲ್ಲಿ, ಸಾಲಾಗಿ ಏಳು ಮಂಗಳವಾರ, ಮೂಡಲಗಿ ದಾರಿಯಿಂದ ಬರುವ ಮಾಲು ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಬುಧವಾರ ಮತ್ತೆ ಏರಿತ್ತು. ಜಗತ್ತಿನ ಗೋವಿನಜೋಳದ ದರ ಹೆಚ್ಚುಕಡಿಮೆ ನಿರ್ಧಾರವಾಗುವುದು ಅಮೆರಿಕದ ಚಿಕಾಗೋ ಪೇಟೆಯಲ್ಲಿ. ಅಲ್ಲಿನ ಸೋಮವಾರದ ದರ ನಮಗೆ ತಿಳಿಯುವುದು ಮಂಗಳವಾರ ಬೆಳಿಗ್ಗೆ. ಆ ಏಳು ಸೋಮವಾರಗಳಲ್ಲಿ ಐದು ಸಲ ಚಿಕಾಗೋ ಇಳಿದಿತ್ತು.

ಅವಳು ತನ್ನ ಹಿರಿಯರ ಊರಾದ ಕುಲಗೋಡದ ಹತ್ತಾರು ರೈತರಿಗೆ ಫೋನ್ ಮಾಡಿ, ದರ ನೋಡಿ ಗಾಡಿ ಬಿಡುತ್ತೀರಾ ಎಂದು ಕೇಳಿದ್ದಳು. ಎಲ್ಲರೂ ಹೌದು ಎಂದಿದ್ದರು. ವಾಟ್ಸಾಪಿನಲ್ಲಿ ದರ ಬರುತ್ತದೆ, ನೋಡಿಯೇ ಬಿಡುತ್ತೇವೆ ಎಂದಿದ್ದರು. ಅಲ್ಲಿಗೆ ಅವಳ ವಾದ ಸಿದ್ಧವಾಯಿತು. ಕುಲಗೋಡ, ಮಸಗುಪ್ಪಿಯಂಥ ಊರಿನ ಸಣ್ಣ ರೈತರು ಜಗತ್ತಿನ ಪೇಟೆ ಬೀಸಿದ ಕಡೆ ಹಾರುವ ಹೊಟ್ಟಲ್ಲ. ಅವರು ಅದನ್ನು ಓದುತ್ತಾರೆ, ಒಟ್ಟಾಗಿ ಮಾಲು ತಡೆಯುತ್ತಾರೆ. ಇದಕ್ಕೆ ಅವಳು 'ಮಂಗಳವಾರದ ತಡೆ' ಎಂದು ಹೆಸರಿಟ್ಟಳು. ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಬಂತು. ಬೇರೆ ದೇಶದವರು ಅದನ್ನು ಎತ್ತಿ ಹೇಳಿದರು. ಒಬ್ಬ ಪ್ರಕಾಶಕರು ಪುಸ್ತಕ ಕೇಳಿದರು.

ಕಳೆದ ನವೆಂಬರಿನಲ್ಲಿ ಆ ಪುಸ್ತಕದ ಕೊನೆಯ ಕರಡು ಅವಳ ಕೈಯಲ್ಲಿತ್ತು. ಏನೇ ತಿದ್ದುವುದಿದ್ದರೂ ಶುಕ್ರವಾರದೊಳಗೆ ತಿಳಿಸಬೇಕು ಎಂದು ಪ್ರಕಾಶಕರು ಹೇಳಿದ್ದರು. ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ, ಮೊದಲ ಬಾರಿಗೆ, ಅವಳ ವಿಷಯದ ಹೆಸರಿನಲ್ಲೇ ಒಂದು ಕಾಯಂ ಹುದ್ದೆ ಬಂದಿತ್ತು. ಸಂದರ್ಶನ ಡಿಸೆಂಬರಿನಲ್ಲಿ. ಆ ಪುಸ್ತಕವಿದ್ದರೆ ಹುದ್ದೆ ಸಿಗುವುದು ಬಹುತೇಕ ಖಚಿತ ಎಂದು ತಿಳಿದವರು ಹೇಳಿದ್ದರು. ಪುಸ್ತಕದ ಬೆನ್ನೆಲುಬು ಮಂಗಳವಾರದ ತಡೆಯ ಅಧ್ಯಾಯ. ಅದಕ್ಕೊಂದು ಫೋಟೋ ಬೇಕಿತ್ತು. ಅದಕ್ಕಾಗಿಯೇ ಅವಳು ಗೋಕಾಕಕ್ಕೆ ಬಂದದ್ದು. ಬಂದ ಬೆಳಿಗ್ಗೆಯೇ, ಅದು ಮಂಗಳವಾರ, ಚೀಲವನ್ನು ಮನೆಯಲ್ಲಿಟ್ಟು ಗೋದಾಮಿಗೆ ಹೋದಳು.

ಅಂಗಳದಲ್ಲಿ ಮೂರು ಟ್ರ್ಯಾಕ್ಟರ್ ಮಾತ್ರ ನಿಂತಿದ್ದವು. ಬಂದೇನವಾಜ ತೂಕದ ಕೋಣೆಯ ಹೊಸ್ತಿಲಲ್ಲಿ ಕೂತು ಸೇಂಗಾ ತಿನ್ನುತ್ತಿದ್ದ.

"ಬರ್ರಿ ಮೇಡಂ. ಫೋಟೋ ಅಂದಿದ್ರಿ. ಇವತ್ತ ಬಂದ್ರ ನನ್ನ ಫೋಟೋನ ತಗೀಬೇಕು, ಮಾಲ ಇಲ್ಲ."

"ಈ ಮೂರ ಎಲ್ಲೀವು ಕಾಕಾ?"

"ಬೆಲ್ಲದ ಬಾಗೇವಾಡಿವು. ಹುಕ್ಕೇರಿ ಕಡೀವು. ನಿಮ್ಮ ಮೂಡಲಗಿ ಕಡಿಂದ ಇವತ್ತ ಏನೂ ಇಲ್ಲ."

ಪೂನಮ್‌ಗೆ ಒಳಗೊಳಗೇ ಖುಷಿಯಾಯಿತು. ಕಾಗದದ ಮೇಲೆ ಕಂಡ ತಡೆಯನ್ನು ಕಣ್ಣಾರೆ ಕಂಡ ಹಾಗಾಯಿತು. ಖಾಲಿ ಅಂಗಳದ ಫೋಟೋ ತುಂಬಿದ ಅಂಗಳದ ಫೋಟೋಗಿಂತ ಒಳ್ಳೆಯದು ಎನ್ನಿಸಿ ಅದನ್ನೇ ತೆಗೆದಳು. ಆಮೇಲೆ, ಅಡಿಟಿಪ್ಪಣಿಗೆ ಬೇಕಾಗುತ್ತದೆಂದು, ಚಿಕಾಗೋದ ಹಿಂದಿನ ದಿನದ ದರವನ್ನು ಫೋನಿನಲ್ಲಿ ನೋಡಿದಳು. ಅದು ಏರಿತ್ತು. ಅದಕ್ಕೂ ಹಿಂದಿನ ವಾರವೂ ಏರಿತ್ತು. ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು.

"ಕಾಕಾ, ಹೋದ ಮಂಗಳವಾರ ಮಾಲ ಬಂದಿತ್ತೇನ್ರಿ?"

"ಇಲ್ರಿ. ಅದರ ಹಿಂದಿನ ಮಂಗಳವಾರನೂ ಇಲ್ಲ."

"ಯಾಕ? ದರ ಏರಾಕತ್ತೇತಲ್ಲ?"

ಬಂದೇನವಾಜ ಸೇಂಗಾದ ಸಿಪ್ಪೆಯನ್ನು ಅಂಗೈಯಿಂದ ಊದಿ ಅವಳ ಮುಖ ನೋಡಿದ. ಅವಳು ಚೇಷ್ಟೆ ಮಾಡುತ್ತಿದ್ದಾಳೋ ಏನೋ ಎಂಬ ಅನುಮಾನ ಅವನಿಗೆ.

"ಕುಲಗೋಡದಾಗ ವಾರ ಹಿಡ್ದಾರಲ್ರಿ ಮೇಡಂ. ಮಳಿ ನಿಲ್ಲವಲ್ದು, ತೆನಿ ಒಣಗವಲ್ಲವು ಅಂತ. ನಿಮ್ಮ ಊರಿಂದು ನೀವ ನನಗ ಕೇಳ್ತೀರಲ್ಲ?"

ವಾರ ಹಿಡಿಯುವುದೆಂದರೆ ಈ ಭಾಗದ ಹಳೆಯ ಪದ್ಧತಿ. ಊರಿಗೆ ರೋಗವೋ ಮಳೆಯ ತೊಂದರೆಯೋ ಬಂದಾಗ ಹಿರಿಯರು ಕೂಡಿ, ಇಂತಿಷ್ಟು ಮಂಗಳವಾರ ಅಥವಾ ಶುಕ್ರವಾರ ದ್ಯಾಮವ್ವನಂಥ ಊರದೇವತೆಯ ಹೆಸರಿನಲ್ಲಿ ಕೆಲಸ ಬಿಡಬೇಕೆಂದು ತೀರ್ಮಾನಿಸುತ್ತಾರೆ. ಅಂದು ಯಾರೂ ಹೊಲಕ್ಕೆ ಹೋಗುವುದಿಲ್ಲ, ಗಾಡಿ ಹೂಡುವುದಿಲ್ಲ, ರೊಟ್ಟಿಯ ಹಂಚನ್ನು ಒಲೆಯ ಮೇಲೆ ಇಡುವುದಿಲ್ಲ.

"ದನಕ್ಕ ಗಂಟ ರೋಗ ಬಂದ ವರ್ಷ?" ಎಂದು ಪೂನಮ್ ಕೇಳಿದಳು. ಉತ್ತರ ಅವಳಿಗೆ ಆಗಲೇ ಗೊತ್ತಾಗಿತ್ತು.

"ಆಗೂ ಹಿಡಿದಿದ್ರು. ಭಾಳ ದಿನಾ ಹಿಡಿದಿದ್ರು. ನಾ ಮಂಗಳವಾರ ಅರ್ಧ ಹಮಾಲರಿಗೆ ಸೂಟಿ ಕೊಟ್ಟಿದ್ದೆ."

"ಮೊದಲ ಯಾಕ ಹೇಳಲಿಲ್ರಿ?"

"ನೀವು ತೂಕದ್ದ ಕೇಳಿದ್ರಿ, ತೂಕದ್ದ ಕೊಟ್ಟೆ. ಕುಲಗೋಡದ ಮಗಳಿಗೆ ಕುಲಗೋಡದ ವಾರ ನಾ ಹೇಳ್ಲೇನ್ರಿ?" ಎಂದು ಅವನು ಸೇಂಗಾದ ಪೊಟ್ಟಣವನ್ನು ಅವಳತ್ತ ಚಾಚಿದ. "ತಗೋರಿ. ಮಾರಿ ಯಾಕ ಹಂಗಾತು?"

ಫೋನಿನಲ್ಲಿ ಮಾತಾಡಿದ ರೈತರೂ ಹೇಳಿರಲಿಲ್ಲ. ಅದೂ ಇದೇ ಕಾರಣಕ್ಕೆ. ಬೇರೆ ಊರಿನ ಸಂಶೋಧಕ ಕೇಳಿದ್ದರೆ ಮೊದಲ ವಾಕ್ಯದಲ್ಲೇ ವಾರದ ಸುದ್ದಿ ಬರುತ್ತಿತ್ತು. ಊರಿನ ಮಗಳು ಕೇಳಿದ್ದರಿಂದ ಬರಲಿಲ್ಲ.

ಆದರೆ ಊರಿನ ಮಗಳಿಗೆ ಅದು ಹೊಳೆಯದೆ ಹೋದದ್ದು ಹೇಗೆ? ಇದಕ್ಕೆ ಅವಳ ಮನೆಯ ಚರಿತ್ರೆ ಗೊತ್ತಿರಬೇಕು. ಕುಲಗೋಡದಲ್ಲಿ ವಾರದ ಹಿಂದಿನ ಸಂಜೆ ಹಲಗೆ ಬಾರಿಸಿ ಓಣಿ ಓಣಿ ಸಾರುವುದು ಪೂನಮ್‌ಳ ಅಜ್ಜನ ಮನೆತನಕ್ಕೆ ಬಿದ್ದ ಕೆಲಸವಾಗಿತ್ತು. ಅವಳ ತಂದೆ ಹೊಳೆಪ್ಪ ಕೂಡ ಮಾಸ್ತರಿಕೆಯ ತರಬೇತಿಗೆ ಹೋಗುವವರೆಗೆ ಸಾರಿದ್ದ. ಕೆಲಸ ಸಿಕ್ಕ ಮೇಲೆ ಅವನು ಬೌದ್ಧ ದೀಕ್ಷೆ ತೆಗೆದುಕೊಂಡ. ಇನ್ನು ನಮ್ಮ ಮನೆಯಿಂದ ಹಲಗೆ ಹೊರಗೆ ಬರುವುದಿಲ್ಲ ಎಂದು ಹಿರಿಯರಿಗೆ ಹೇಳಿದ. ಸಂಸಾರವನ್ನು ಗೋಕಾಕಕ್ಕೆ ತಂದ. ಪೂನಮ್ ಹುಟ್ಟಿದ್ದು ಆಮೇಲೆ. ಆ ಮನೆಯಲ್ಲಿ ಮಂಗಳವಾರ ಉಳಿದ ದಿನಗಳಂತೆ ಒಂದು ದಿನ. ವಾರ ಎಂಬ ಮಾತನ್ನು ಅವಳು ಕೇಳಿದ್ದಳು, ನಿಜ. ಆದರೆ ಅದು ತಾವು ಬಿಟ್ಟು ಬಂದ ಸಂಗತಿ, ಮುಗಿದುಹೋದದ್ದು ಎಂದು ಅವಳ ತಲೆಯಲ್ಲಿ ಕೂತಿತ್ತು. ಮುಗಿದುಹೋದದ್ದನ್ನು ಅಂಕಿಗಳಲ್ಲಿ ಯಾರೂ ಹುಡುಕುವುದಿಲ್ಲ.

ಮರುದಿನ ಬುಧವಾರ ಅವಳು ಬಸ್ಸಿನಲ್ಲಿ ಕುಲಗೋಡಕ್ಕೆ ಹೋದಳು. ಮಾಡಬೇಕಾದ್ದು ಸ್ಪಷ್ಟವಾಗಿತ್ತು. ಏಳು ಮಂಗಳವಾರಕ್ಕೂ ವಾರವೇ ಕಾರಣವಾಗಿದ್ದರೆ ಅವಳ ಅಧ್ಯಾಯ ಬಿದ್ದಂತೆ. ಹಾಗಲ್ಲದಿದ್ದರೆ ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ಊರಿನ ಹಿರಿಯರಲ್ಲಿ ಒಬ್ಬನಾದ ಸಾತಪ್ಪ ತನ್ನ ಅಂಗಳದಲ್ಲಿ ತಾಡಪತ್ರಿಯ ಮೇಲೆ ಗೋವಿನಜೋಳ ಹರವುತ್ತಿದ್ದ. ಅವನ ಅಣ್ಣನ ಮಗ ಲಕ್ಷ್ಮಣ, ನಡುವಯಸ್ಸಿನವನು, ಕಳೆ ತೆಗೆಯುವ ಕುಂಟೆಗೆ ಹಿಡಿ ಜಡಿಯುತ್ತಿದ್ದ.

"ಹೊಳೆಪ್ಪ ಮಾಸ್ತರ ಮಗಳಲ್ಲೇನು? ಬರ್ರಿ ಬಾಯಾರ, ಕುಂಡ್ರ ಬರ್ರಿ. ಏ, ಕುರ್ಚಿ ತರ್ರಿ" ಎಂದು ಸಾತಪ್ಪ ಒಳಗೆ ಕೂಗಿದ.

ಕುರ್ಚಿ ಬಂತು, ಚಹಾ ಬಂತು. ಅವಳು ರೋಗದ ವರ್ಷದ ವಾರದ ಬಗ್ಗೆ ಕೇಳಿದಳು.

"ಐದು ಹಿಡಿಯೋದ್ರಿ ಪದ್ಧತಿ" ಎಂದ ಸಾತಪ್ಪ. "ಆ ವರ್ಷ ಏಳು ಹಿಡದ್ವಿ. ರೋಗ ಕಡಿಮಿ ಆಗಲಿಲ್ಲ. ನಂದ ಎರಡ ಎತ್ತ ಮಲಗಿದ್ವು."

"ಖರೆ ಹೇಳ ಕಾಕಾ" ಎಂದ ಲಕ್ಷ್ಮಣ, ತಲೆ ಎತ್ತದೆ.

"ಖರೇನ ಹೇಳಾಕತ್ತೇನಲೇ!"

"ಐದ ವಾರಕ್ಕ ರೋಗ ಇಳಿದಿತ್ತು ಬಾಯಾರ. ಗೊಂಜಾಳದ ದರ ಇಳದಿತ್ತು. ಗಾಡಿ ತಗೊಂಡ ಹೋದ್ರ ಬಂದೇನವಾಜ ಕೇಳೋ ದರಕ್ಕ ಕೊಡಬೇಕು, ಇಲ್ಲ ಹೊಳ್ಳಿ ತರಬೇಕು. ಒಬ್ಬರು ಹೋದ್ರ ಎಲ್ಲಾರೂ ಹೋಗ್ತಾರ. ಇನ್ನೊಂದ ಎರಡ ಹಿಡ್ಯೂಣು ಅಂತ ಅಂದವರು ಯಾರು? ನೀನ."

"ನಾ ರೋಗಕ್ಕ ಅಂದೆ!"

"ಬಾಯಿಲೆ ರೋಗಕ್ಕ ಅಂದಿ. ಕೈಯಾಗ ಫೋನ ಹಿಡಕೊಂಡಿದ್ದಿ."

ಪೂನಮ್‌ಳ ಎದೆ ಸ್ವಲ್ಪ ಹಗುರವಾಯಿತು. ಏಳರಲ್ಲಿ ಎರಡಾದರೂ ಉಳಿಯಬಹುದು. ಆದರೆ ಲಕ್ಷ್ಮಣನೇ ಮುಂದುವರಿದು, ಮಸಗುಪ್ಪಿಯವರು ಆ ವರ್ಷ ಶುಕ್ರವಾರ ಹಿಡಿದಿದ್ದರು, ಮಂಗಳವಾರ ಅವರ ಗಾಡಿಗಳು ಹೋಗಿದ್ದವು ಎಂದ. ಅದು ನಿಜವಾದರೆ, ದರ ನೋಡಿ ಎಲ್ಲರೂ ಒಟ್ಟಾಗಿ ತಡೆದರು ಎಂಬ ಮಾತು ನಿಲ್ಲುವುದಿಲ್ಲ. ಸಾತಪ್ಪ ಅದನ್ನು ಒಪ್ಪಲಿಲ್ಲ. ಕುಲಗೋಡದವರು ಹೋಗದ ದಿನ ಮಸಗುಪ್ಪಿಯವರೂ ಹೋಗುತ್ತಿರಲಿಲ್ಲ, ತನ್ನ ಬೀಗರು ಅಲ್ಲಿದ್ದಾರೆ, ತನಗೆ ಗೊತ್ತು ಎಂದ. ಬಂದೇನವಾಜನ ಕಂಪ್ಯೂಟರಿನಲ್ಲಿ ಎರಡೂ ಊರು 'ಮೂಡಲಗಿ ದಾರಿ' ಎಂಬ ಒಂದೇ ಹೆಸರಿನಡಿ ಇದ್ದವು. ಬೇರೆ ಮಾಡುವ ದಾರಿಯಿರಲಿಲ್ಲ.

"ದರ ಇಳೀತು ಅಂತ ನಿಮಗ ಹೆಂಗ ಗೊತ್ತಾಗ್ತಿತ್ತು? ಚಿಕಾಗೋದ್ದ ನೋಡ್ತಿದ್ರೇನ್ರಿ? ಅಲ್ಲಿ ಬಿದ್ದಾಗ ವಾರ ಹಿಡಿಯೋದು ಹಂಗೇನರ ಇತ್ತೇನ್ರಿ?" ಎಂದು ಪೂನಮ್ ಕೇಳಿದಳು.

ಇಬ್ಬರೂ ಜಗಳ ನಿಲ್ಲಿಸಿ ಅವಳನ್ನು ನೋಡಿದರು.

"ಅದ್ಯಾರ್ರಿ ಚಿಕಾಗೋ?" ಎಂದ ಸಾತಪ್ಪ.

ಸಂಜೆ ಮನೆಗೆ ಬಂದಾಗ ಹೊಳೆಪ್ಪ ವರಾಂಡದಲ್ಲಿ ಕೂತಿದ್ದ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಗಳ ಪ್ರಬಂಧವನ್ನು ನಿಘಂಟು ಇಟ್ಟುಕೊಂಡು ಎರಡು ಸಲ ಓದಿದ್ದ. ಪೂನಮ್ ನಡೆದದ್ದನ್ನೆಲ್ಲ ಹೇಳಿದಳು.

"ಈಗ ಏನ ಮಾಡ್ತಿ?"

"ವಾರದ್ದ ಬರೀಬೇಕಪ್ಪಾ. ಇಲ್ಲಂದ್ರ ಆ ಅಧ್ಯಾಯ ಸುಳ್ಳಾಗತೈತಿ."

"ಕುಲಗೋಡದವರು ಜಗತ್ತಿನ ದರ ಓದತಾರ, ತಲಿ ಓಡಸ್ತಾರ, ಮಾಲ ತಡೀತಾರ ಅಂತ ಬರದಿದ್ದಿ. ಅದನ್ನ ಓದಿ ನನಗ ಊರಿನ ಮ್ಯಾಲಿನ ಸಿಟ್ಟ ಸ್ವಲ್ಪ ಇಳಿದಿತ್ತು. ಈಗ ದ್ಯಾಮವ್ವ ತಡದ್ಲು ಅಂತ ಬರೀತಿ?"

"ಯಾರ ತಡದ್ರು ಗೊತ್ತಿಲ್ಲ. ಅದ ತ್ರಾಸ ಆಗೇತಿ."

"ನಾ ಇಳಿಸಿ ಇಟ್ಟ ಹಲಗೀನ ನೀ ಇಂಗ್ಲಿಷ್‌ನ್ಯಾಗ ಬಾರಸ್ತೀಯೇನು?"

ಅವನು ಎದ್ದು ಒಳಗೆ ಹೋದ. ರಾಯವ್ವ ಬಾಗಿಲಲ್ಲಿ ನಿಂತು, "ಉಂಡ ಸಿಟ್ಟ ಮಾಡ್ರಿ, ಖಾಲಿ ಹೊಟ್ಟಿಲೆ ಮಾಡಿದ್ರ ಪಿತ್ತ ಆಗತೈತಿ" ಎಂದಳು.

ಗುರುವಾರ ಸಂಜೆ ಕುಲಗೋಡದ ಹಿರಿಯರು ಕೂಡುವವರಿದ್ದರು, ಹಿಡಿದ ವಾರವನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ನಿರ್ಧರಿಸಲು. ಪೂನಮ್ ಲಕ್ಷ್ಮಣನನ್ನು ಕೇಳಿ ಅಲ್ಲಿಗೆ ಹೋದಳು. ಹಳೆಯದನ್ನು ಯಾರೂ ಸರಿಯಾಗಿ ನೆನಪಿಟ್ಟಿಲ್ಲ. ಈಗ ನಡೆಯುವ ತೀರ್ಮಾನವನ್ನಾದರೂ ಎದುರೇ ನೋಡಿದರೆ ದರದ ಪಾಲು ಎಷ್ಟು, ದೇವತೆಯ ಪಾಲು ಎಷ್ಟು ಎಂದು ತಿಳಿಯಬಹುದು ಎಂಬುದು ಅವಳ ಲೆಕ್ಕ. ಬಾಯಿ ಬಿಡಬಾರದು, ಕೇಳಿಸಿಕೊಳ್ಳಬೇಕು ಅಷ್ಟೇ ಎಂದು ನಿಶ್ಚಯಿಸಿಕೊಂಡಿದ್ದಳು.

ಗುಡಿಯ ಮುಂದಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಅವಳಿಗೆ ಕಟ್ಟೆಯ ಮೇಲೆಯೇ ಜಾಗ ಮಾಡಿಕೊಟ್ಟರು. ತನ್ನ ಅಜ್ಜ ಇದೇ ಕಟ್ಟೆಯ ಕೆಳಗೆ ನಿಂತು ಅಪ್ಪಣೆ ಕೇಳುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು. ಕೂತಳು, ಆದರೆ ಅಂಚಿನಲ್ಲಿ ಕೂತಳು.

ಮಾತು ಮಳೆಯಿಂದ ಶುರುವಾಯಿತು. ಎರಡು ದಿನದಿಂದ ಬಿಸಿಲು ಬಿದ್ದಿದೆ ಎಂದು ಒಬ್ಬರು, ಮೋಡ ಇನ್ನೂ ಇದೆ ಎಂದು ಇನ್ನೊಬ್ಬರು. ಟ್ರ್ಯಾಕ್ಟರಿಗೂ ವಾರ ಅನ್ವಯಿಸುತ್ತದೆಯೇ, ಅದೇನು ಎತ್ತೇ ಎಂದು ಮೂಲೆಯಿಂದ ಯಾರೋ ಕೇಳಿದರು. "ಟ್ರ್ಯಾಕ್ಟರ್ ಹೊಡಿಯಾಂವ ಮನಷ್ಯಾ ಅಲ್ಲೇನು?" ಎಂದು ಸಾತಪ್ಪ ಗದರಿದ. ಅಷ್ಟರಲ್ಲಿ ಲಕ್ಷ್ಮಣ ಅವಳ ಕಡೆ ತಿರುಗಿದ.

"ಬಾಯಾರ, ನಿಮ್ಮ ಚಿಕಾಗೋದಾಗ ಇವತ್ತ ಏನೈತ್ರಿ?"

ಕಟ್ಟೆಯವರೆಲ್ಲ ಅವಳ ಕಡೆ ತಿರುಗಿದರು.

"ಅದು ಈಗ ಯಾಕ್ರಿ?"

"ನೀವ ನಿನ್ನಿ ಅಂದ್ರಲ್ಲ, ಅಲ್ಲಿ ಬಿದ್ರ ನಾವ ಇಲ್ಲಿ ವಾರ ಹಿಡೀತೀವಿ ಅಂತ."

"ನಾ ಹಂಗ ಅಂದಿಲ್ರಿ. ಹಂಗ ಐತೇನು ಅಂತ ಕೇಳಿದೆ."

"ಎರಡೂ ಒಂದ ಆತಲ್ರಿ. ಇಂಗ್ಲೆಂಡಿಗೆ ಹೋಗಿ ಕಲ್ತ ಬಂದ ಕೇಳ್ತೀರಂದ್ರ ಏನರ ಇದ್ದ ಇರಬೇಕು."

"ದ್ಯಾಮವ್ವಗ ಚಿಕಾಗೋ ಎಲ್ಲೈತಿ ಗೊತ್ತಿಲ್ಲಲೇ!" ಎಂದ ಸಾತಪ್ಪ.

"ಆಕಿಗೆ ಗೊತ್ತಿಲ್ಲದ್ದ ಏನೈತಿ ಕಾಕಾ? ಆಕಿ ದೇವರ ಹೌದೋ ಅಲ್ಲೋ?"

ನಗೆ ಎದ್ದಿತು. ಸಾತಪ್ಪನೂ ನಕ್ಕ. ಆದರೆ ಎಲ್ಲರ ಮುಖ ಇನ್ನೂ ಅವಳ ಕಡೆಗೇ ಇತ್ತು. ಹೇಳುವುದಿಲ್ಲ ಎಂದರೆ ಅಹಂಕಾರವಾಗುತ್ತದೆ. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಫೋನ್ ಕೈಯಲ್ಲೇ ಇತ್ತು. ಅವಳು ನೋಡಿ ಹೇಳಿದಳು.

"ಏರೇತ್ರಿ."

ಆಮೇಲೆ ನಡೆದ ಮಾತು ಅವಳಿಗೆ ಪೂರ್ತಿ ಹಿಡಿಯಲಿಲ್ಲ. ಏರಿದೆಯಾದರೆ ಈಗಲೇ ಮಾರಬೇಕು ಎಂದು ಕೆಲವರು, ಇನ್ನೂ ಏರುತ್ತದೆ, ತಡೆಯಬೇಕು ಎಂದು ಕೆಲವರು. ದೇವರ ಕೆಲಸದಲ್ಲಿ ದರದ ಮಾತೇಕೆ ಎಂದು ಒಬ್ಬ ಎದ್ದೇ ನಿಂತ. ಅವನ ಗೋವಿನಜೋಳ ಮೊನ್ನೆಯೇ ಮಾರಾಟವಾಗಿದೆ ಎಂದು ಪಕ್ಕದವನು ಹೇಳಿದ ಮೇಲೆ ಕೂತ. ಕೊನೆಗೆ ಸಾತಪ್ಪ ಕೈ ಎತ್ತಿ, ಬಿಸಿಲು ಬಿದ್ದಿದೆ, ತಾಯಿ ಒಪ್ಪಿದ್ದಾಳೆ, ಮೂರು ಸಾಕು, ವಾರ ಬಿಟ್ಟಿತು ಎಂದ. ಕಟ್ಟೆಯಿಂದ ಇಳಿಯುವಾಗ ಲಕ್ಷ್ಮಣ ಅವಳ ಹತ್ತಿರ ಬಂದು, "ನೋಡಿದ್ರಿ? ದರ ಏರೇತಿ ಅಂದಕೂಡ್ಲೆ ಕಾಕಾ ವಾರ ಬಿಟ್ಟ. ನಾ ಹೇಳಲಿಲ್ಲ?" ಎಂದ. ಇನ್ನೊಬ್ಬ, "ನಿಮ್ಮಿಂದ ಭಾಳ ಚಲೋ ಆತ್ರಿ ಬಾಯಾರ" ಎಂದ.

ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಮೂರು ಕಾರಣಗಳನ್ನು ಎಣಿಸಿದಳು: ಬಿಸಿಲು, ದರ, ಮತ್ತು ತಾನು. ಮೊದಲಿನ ಎರಡನ್ನು ಬೇರೆ ಮಾಡಲು ಹೋಗಿ ಮೂರನೆಯದನ್ನು ಸೇರಿಸಿ ಬಂದಿದ್ದಳು. ರೋಗದ ವರ್ಷ ಆ ಕಟ್ಟೆಯ ಮೇಲೆ ಏನಾಗಿತ್ತೆಂದು ಈಗ ಅಲ್ಲಿದ್ದವರಿಗೂ ಹೇಳಲು ಬರುವುದಿಲ್ಲ. ಇಂದಿನಿಂದ ಕೇಳಿದರೆ ಅವರೆಲ್ಲ ಚಿಕಾಗೋ ಎಂದೇ ಹೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಅವಳ ಮುಂದೆ ಎರಡು ದಾರಿಗಳಿದ್ದವು. ಅಧ್ಯಾಯವನ್ನು ಹಾಗೇ ಬಿಡಬಹುದಿತ್ತು. ಓದಿದವರಲ್ಲಿ ಯಾರೂ ಕುಲಗೋಡಕ್ಕೆ ಬಂದು ಕೇಳುವವರಲ್ಲ. ಲಕ್ಷ್ಮಣನ ಮಾತನ್ನು ನಂಬಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಅವಳು ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಕೂತು, ರೊಟ್ಟಿ ಬಡಿಯುವ ಸದ್ದಿನ ನಡುವೆ, ಪ್ರಕಾಶಕರಿಗೆ ನಾಲ್ಕು ಸಾಲು ಬರೆದಳು. ಮಂಗಳವಾರದ ತಡೆಯ ಅಧ್ಯಾಯ ತೆಗೆಯಿರಿ, ಪುಸ್ತಕ ತಡವಾದರೆ ಆಗಲಿ.

ಹೊಳೆಪ್ಪ ಚಹಾಕ್ಕೆ ಬಂದಾಗ ಹೇಳಿದಳು.

"ನಾ ಬ್ಯಾಡಂದೆ ಅಂತ ತಗದಿಯೇನು?" ಅವನ ದನಿಯಲ್ಲಿ ಸಮಾಧಾನವಿರಲಿಲ್ಲ.

"ಅಲ್ಲಪ್ಪಾ. ನನಗ ಗೊತ್ತಿಲ್ಲ ಅಂತ ತಗದೆ."

"ಅದಿಲ್ಲಂದ್ರ ಹೈದರಾಬಾದದವರು ನೌಕರಿ ಕೊಡ್ತಾರೇನು?"

"ಗೊತ್ತಿಲ್ಲ."

"ಅದೂ ಗೊತ್ತಿಲ್ಲ, ಇದೂ ಗೊತ್ತಿಲ್ಲ" ಎಂದಳು ರಾಯವ್ವ ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಬೇಗಂಬಿ ಕೇಳಿದ್ದ ಬರೋಬ್ಬರಿ ಐತಿ."

ಹೊಳೆಪ್ಪ ನಗಲಿಲ್ಲ. ಚಹಾದ ಬಸಿ ಕೆಳಗಿಟ್ಟ. ಅವನು ತರಗತಿಯಲ್ಲಿ ಪ್ರಯೋಗ ಕೆಟ್ಟಾಗ ಮಕ್ಕಳಿಗೆ, ಬಂದ ಉತ್ತರವನ್ನೇ ಬರೆಯಿರಿ, ಬರಬೇಕಾದ ಉತ್ತರವನ್ನಲ್ಲ ಎನ್ನುತ್ತಿದ್ದವನು. ಈಗ ಅದನ್ನು ಹೇಳಲಿಲ್ಲ. ಬೇರೆ ಮಾತು ಹೇಳಿದ.

"ಮುಂದ ಯಾವಾಗರ ವಾರದ ಬಗ್ಗೆ ಬರದ್ರ ಪೂರಾ ಬರಿ. ಸಾರಿದವರು ಯಾರು, ಅವರಿಗೆ ಏನ ಕೊಡ್ತಿದ್ರು, ಸಾರಂಗಿಲ್ಲ ಅಂದ ವರ್ಷ ನಮ್ಮ ಮನಿಗೆ ಏನ ಮಾಡಿದ್ರು. ಬರೇ ದ್ಯಾಮವ್ವಂದು, ಬರೇ ಅಮೆರಿಕಾದ್ದು ಬರದ ಬಿಡಬ್ಯಾಡ."

"ಏನ ಮಾಡಿದ್ರಪ್ಪಾ?"

ಮೂವತ್ತೆಂಟು ವರ್ಷದಲ್ಲಿ ಅವಳು ಅದನ್ನು ಕೇಳಿರಲಿಲ್ಲ. ಹೊಳೆಪ್ಪ ಹೇಳತೊಡಗಿದ. ಚಹಾ ಆರಿತು, ರಾಯವ್ವ ಮತ್ತೆ ಕಾಯಿಸಿ ತಂದಳು. ಕೆಲವು ಕಡೆ ಅವನ ನೆನಪನ್ನು ಅವಳೇ ತಿದ್ದಿದಳು.

ಡಿಸೆಂಬರಿನ ಸಂದರ್ಶನದಲ್ಲಿ ಪೂನಮ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಮಿತಿಯ ಇಬ್ಬರು ಪ್ರಾಧ್ಯಾಪಕರು, ದರವೇ ಕಾರಣ ಎಂದು ಒಬ್ಬರು, ಅಲ್ಲ ಎಂದು ಇನ್ನೊಬ್ಬರು, ಬಹಳ ಹೊತ್ತು ವಾದಿಸಿದರು. ಅವಳನ್ನು ಕೇಳುವುದು ಮರೆತೇಹೋಯಿತು. ಹುದ್ದೆ ಬೇರೆಯವರಿಗೆ ಹೋಯಿತು. ಪುಸ್ತಕ ಬಂದಿದೆ, ತೆಳ್ಳಗಿದೆ. ತಾತ್ಕಾಲಿಕ ಕೆಲಸ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ.

ಈ ಸುಗ್ಗಿಯಲ್ಲಿ ಅವಳು ರಜೆ ಹಾಕಿ ಗೋಕಾಕದಲ್ಲಿದ್ದಾಳೆ. ಕುಲಗೋಡದ ಗಾಡಿ ಬೇರೆ, ಮಸಗುಪ್ಪಿಯ ಗಾಡಿ ಬೇರೆ ಬರೆಯಲು ಬಂದೇನವಾಜ ಒಪ್ಪಿದ್ದಾನೆ. ಈ ವರ್ಷ ಮಸಗುಪ್ಪಿಯವರು ಶುಕ್ರವಾರ ಹಿಡಿದಿದ್ದಾರೆ, ಕುಲಗೋಡದವರು ಇನ್ನೂ ಹಿಡಿದಿಲ್ಲ. ಅವಳು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಮಸಗುಪ್ಪಿಯ ಕಣಗಳಲ್ಲಿ ಕೂರುತ್ತಾಳೆ, ಕೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತಾಳೆ. ಮೊನ್ನೆ ಅಲ್ಲಿಯ ಯಲ್ಲೇಶ ಎಂಬ ರೈತ ಗೋವಿನಜೋಳದ ಚೀಲ ಹೊಲಿಯುತ್ತ ಕೇಳಿದ:

"ಬಾಯಾರ, ಕುಲಗೋಡದವರಿಗೆ ಅಮೆರಿಕಾದ ದರ ಹೇಳಿದ್ರಂತ. ನಮಗೂ ಹೇಳ್ರಿ."

"ನನಗ ಕೇಳಬ್ಯಾಡ್ರಿ. ನಾ ಹೇಳಿದ್ರ ನನ್ನ ಕೆಲಸ ಕೆಡತೈತಿ."

"ಹೇಳೋದ ನಿಮ್ಮ ಕೆಲಸ ಅಂತಲ್ರಿ?"

"ಅಲ್ರಿ."

"ಮತ್ತ ಏನ ನಿಮ್ಮ ಕೆಲಸ?"

ಪೂನಮ್ ಅವನ ಚೀಲಗಳ ಕಡೆ ನೋಡಿ, "ನೀವ ನಾಳಿ ಗಾಡಿ ಬಿಡ್ತೀರೋ ಇಲ್ಲೋ ನೋಡೋದ್ರಿ" ಎಂದಳು.

"ಅದು ನನಗ ಇನ್ನೂ ಗೊತ್ತಿಲ್ರಿ" ಎಂದ ಯಲ್ಲೇಶ, ದಾರವನ್ನು ಹಲ್ಲಿನಿಂದ ಕಡಿದ.